ಫಿಲ್ಟರ್ ಹೌಸ್ ಮೇಡಂ ಗಂಟಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬೈಯುವುದು ಬೇಡ. ಹೊಳೆ ಕೆಂಪಗೆ ಹರಿಯುತ್ತಿದ್ದ ಒಂದು ಮಳೆಗಾಲದಲ್ಲಿ ಕೊಳ್ಳೇಗಾಲದ ಫಿಲ್ಟರ್ ಹೌಸಿಗೆ ಹೆಂಗಸಿನ ದನಿಯಲ್ಲಿ ಫೋನ್ ಮಾಡಿ, "ಗ್ಯಾಸ್ ಸ್ವಲ್ಪ ಇಳ್ಸು" ಎಂದ ಮಹಾನುಭಾವ ನಾನೇ. ಅಡುಗೆ ಗ್ಯಾಸ್ ಅಲ್ಲ. ಊರು ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಗ್ಯಾಸ್. ಆ ಕೆಲಸಕ್ಕೆ ನನಗೆ ಸಿಕ್ಕ ಸಂಭಾವನೆ ಬೋಂಡ ಮತ್ತು ಟೀ. ಬೋಂಡಕ್ಕೆ ಉಪ್ಪು ಕಮ್ಮಿಯಾಗಿತ್ತು.

ಆ ದನಿಯ ನಿಜವಾದ ಒಡತಿ ಹೋದ ತಿಂಗಳು ನಿವೃತ್ತರಾದರು. ಫಿಲ್ಟರ್ ಹೌಸಿನ ಅಂಗಳದಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ, ಕೇಸರಿಬಾತು ಹಂಚಿದರು. "ಲೇ, ಮೇಡಂ ಥರ ಒಂದ್ಸಲ ಮಾತಾಡ್ಲಾ, ನಗಾಡ್ಕಂಡು ಕಳ್ಸಣ" ಎಂದು ಎಲ್ಲರೂ ಸೇರಿ ನನ್ನನ್ನು ಮೈಕಿನ ಮುಂದೆ ನೂಕಿದರು. ನಾನು ಮೈಕು ಸರಿಯಿಲ್ಲವೆಂದು ವೈರು ಕಿತ್ತು, ಸಿಕ್ಕಿಸಿ, ಮತ್ತೆ ಕಿತ್ತು, ಜನಕ್ಕೆ ಬೇಜಾರು ಬರುವಷ್ಟು ಹೊತ್ತು ಅದೇ ಮಾಡಿ ಇಳಿದು ಬಂದೆ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಅದೂ ನಿಂತುಕೊಂಡು, ಆಟೋ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು.

ಆಟೋ ಎಂದರೆ ಅನೌನ್ಸ್‌ಮೆಂಟ್ ಆಟೋ. ತಲೆ ಮೇಲೆ ಎರಡು ಹಾರ್ನು, ಒಳಗೆ ಒಂದು ಆಂಪ್ಲಿಫೈಯರು, ಮುಂದೆ ನಾನು. ಕಂದಾಯ ಕಟ್ಟಿ, ಪೋಲಿಯೋ ಹನಿ ಹಾಕಿಸಿ, ನಾಳೆ ಕರೆಂಟಿಲ್ಲ, ನಾಡಿದ್ದು ನೀರಿಲ್ಲ ಎಂದು ಕೂಗುವುದು ನನ್ನ ಹೊಟ್ಟೆಪಾಡು. ಊರಿನವರ ದನಿಗಳನ್ನೆಲ್ಲ ಕದಿಯುವುದು ಚಟ. ಬಸ್ ಸ್ಟ್ಯಾಂಡಿನ ಕಂಡಕ್ಟರ್, ರೇಷನ್ ಅಂಗಡಿಯವನು, ಪಾಲಾರ್ ಚೆಕ್‌ಪೋಸ್ಟಿನಲ್ಲಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಲಾರಿ ನಿಲ್ಲಿಸುವ ಪೇದೆ, ಯಾರೂ ಬಾಕಿಯಿಲ್ಲ. ಇಷ್ಟೆಲ್ಲ ದನಿಗಳ ನಡುವೆ ನನ್ನ ಸ್ವಂತದ್ದು ಯಾವುದೆಂದು ನಮ್ಮವ್ವನಿಗೇ ಅನುಮಾನ. ಫೋನೆತ್ತಿದರೆ ಮೊದಲು, "ನೀನೇನ್ಲಾ?" ಎನ್ನುತ್ತಾಳೆ.

ಈ ಎಲ್ಲ ದನಿಗಳಲ್ಲಿ ಹೆಚ್ಚು ಕೈತಟ್ಟಿಸಿಕೊಂಡದ್ದು ಮೇಡಂ ದನಿ. ನಮ್ಮೂರಲ್ಲಿ ಟೀಚರೂ ಮೇಡಂ, ಡಾಕ್ಟರೂ ಮೇಡಂ. ಆದರೆ 'ಫಿಲ್ಟರ್ ಹೌಸ್ ಮೇಡಂ' ಒಬ್ಬರೇ. ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಹುಟ್ಟಿ, ಕೆಮಿಸ್ಟ್ರಿ ಓದಿ, ಹೊಳೆ ನೀರನ್ನು ಕುಡಿಯುವ ನೀರು ಮಾಡುವ ಕೆಲಸಕ್ಕೆ ಸೇರಿದವರು. ಅವರದು ಹೆಂಗಸಿನ ಗಂಟಲಲ್ಲ, ಗಂಡಸಿನದೂ ಅಲ್ಲ. ಒಣ ಹಲಗೆಯ ಮೇಲೆ ಗರಗಸ ಎಳೆದ ಹಾಗೆ. ಪ್ರತಿ ಮಾತಿಗೆ ಮುಂಚೆ ಒಂದು ಚಿಕ್ಕ ಕೆಮ್ಮು, ಮಾತು ಮುಗಿದ ಮೇಲೆ ಏನೂ ಇಲ್ಲ. "ಇಡ್ತೀನಿ" ಎಂದು ಕೂಡ ಹೇಳದೆ ಫೋನು ಇಡುತ್ತಿದ್ದರು. ಯಾವುದೋ ಕಾಲದಲ್ಲಿ ಸಿಲಿಂಡರು ಸೋರಿದಾಗ ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಒಳಗೆ ನುಗ್ಗಿ ವಾಲ್ವ್ ತಿರುಗಿಸಿದರಂತೆ, ಗಂಟಲು ಅಂದೇ ಹೋಯಿತಂತೆ. ನಾನೇ ಒಮ್ಮೆ ಕೇಳಿದೆ.

"ಐಸ್ ಕ್ಯಾಂಡಿ ತಿಂದಿದ್ದು ಕಣ್ಲಾ ಮೈಕು. ನೀನು ತಿನ್ಬೇಡ."

ಮೈಕು ಎಂದರೆ ನಾನು.

ಅವರು ಪೂರ್ತಿ ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಕೈಗೆ ಬಂದ ತಕ್ಷಣ ಏನೋ ನೆನಪಾಗಿ ಎದ್ದುಬಿಡುತ್ತಿದ್ದರು. ಕುರ್ಚಿಯ ತುದಿಯಲ್ಲಿ, ಬಸ್ ಬಂತೇನೋ ಎನ್ನುವಂತೆ ಕೂರುತ್ತಿದ್ದರು. ಸ್ಕೂಟಿ ಓಡಿಸುವಾಗ ರಸ್ತೆ ನೋಡುತ್ತಿರಲಿಲ್ಲ, ರಸ್ತೆ ಪಕ್ಕದ ಪೈಪು ನೋಡುತ್ತಿದ್ದರು. ಹೀಗಾಗಿ ಸ್ಕೂಟಿ ತಿಂಗಳಲ್ಲಿ ಹದಿನೈದು ದಿನ ಗ್ಯಾರೇಜಿನಲ್ಲಿ, ಮೇಡಂ ನನ್ನ ಆಟೋದಲ್ಲಿ. ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಒಂದು ಗಾಜಿನ ನಳಿಗೆ ಮತ್ತು ಒಂದು ಔಷಧಿ ಬಾಟಲಿ ಖಂಡಿತ ಇರುತ್ತಿತ್ತು. ನೀರು ಬಿಟ್ಟ ದಿನ ಪೈಪ್‌ಲೈನಿನ ಕಟ್ಟಕಡೆಯ ಮನೆಗೆ ನುಗ್ಗಿ, "ನಲ್ಲಿ ಎಲ್ಲದೆ?" ಎಂದು ಕೇಳಿ, ನಳಿಗೆಗೆ ನೀರು ಹಿಡಿದು, ಔಷಧಿ ಎರಡು ತೊಟ್ಟು ಬಿಡುತ್ತಿದ್ದರು. ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಅಲ್ಲಿಯವರೆಗೂ ತಲುಪಿದೆ, ಕುಡಿಯಬಹುದು. ತಿರುಗದಿದ್ದರೆ ಇಲ್ಲ. ಹಳದಿ ಕಂಡರೆ ಮುಖ ಒಂದು ಕ್ಷಣ ಸಡಿಲವಾಗುತ್ತಿತ್ತು. ಆಮೇಲೆ ಮುಂದಿನ ಬೀದಿಯ ಚಿಂತೆ.

ಯಳಂದೂರಿನ ಛತ್ರವೊಂದರಲ್ಲಿ ಅವರ ನೆಂಟರ ಮದುವೆ. ಸ್ಕೂಟಿ ಗ್ಯಾರೇಜಿನಲ್ಲಿ, ಆದ್ದರಿಂದ ನಾನೂ ಅತಿಥಿ. ಎಲೆಗೆ ಪಾಯಸ ಬಿದ್ದಿತ್ತು. ಮೇಡಂ ಲೋಟದ ನೀರನ್ನು ನಳಿಗೆಗೆ ಸುರಿದು ತೊಟ್ಟು ಹಾಕಿದರು. ಹಳದಿ ಬರಲಿಲ್ಲ. ಎಲೆ ಬಿಟ್ಟು ಎದ್ದವರು ನೇರ ಅಡುಗೆಮನೆಗೆ ಹೋದರು. ಭಟ್ಟರು ಸೌಟು ಹಿಡಿದುಕೊಂಡೇ, "ಏನವ್ವ, ನೀವು ಗಂಡಿನ ಕಡೇರಾ, ಹೆಣ್ಣಿನ ಕಡೇರಾ?" ಎಂದರು.

"ಸಿಂಟೆಕ್ಸ್ ಕಡೇಳು. ಏಣಿ ಎಲ್ಲದೆ?"

ರೇಷ್ಮೆ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದರು. ಟ್ಯಾಂಕಿನ ಮುಚ್ಚಳ ಯಾವತ್ತೋ ಹಾರಿಹೋಗಿತ್ತು, ನೀರಿನ ಮೇಲೆ ಪಾರಿವಾಳದ ಪುಕ್ಕ ತೇಲುತ್ತಿತ್ತು. ಅದನ್ನೇ ಮೇಲಿನಿಂದ ಕೂಗಿ ಹೇಳಿದರು. ಕೆಳಗೆ ಗಂಡಿನ ತಾಯಿ ಮುಖ ಕೆಂಪಗೆ ಮಾಡಿಕೊಂಡು, "ಮದ್ವೆ ಮನೇಲಿ ಪಾರಿವಾಳ ಶುಭ ಕಣ್ರಿ" ಎಂದರು. "ಆಕಾಶದಲ್ಲಿದ್ರೆ ಶುಭ" ಎಂದು ಮೇಲಿನಿಂದಲೇ ಉತ್ತರ ಬಂತು. ಆ ನೆಂಟರು ಮುಂದಿನ ಮದುವೆಗೆ ಮೇಡಂಗೆ ಪತ್ರಿಕೆ ಕೊಡಲಿಲ್ಲ. ನನಗೆ ಕೊಟ್ಟರು.

ಎಲ್ಲ ಕಡೆಯೂ ಅವರೇ ಗೆದ್ದರು ಎಂದು ತಿಳಿಯಬೇಡಿ. ಕೆಲವು ಕಾಲ ಹನೂರು ಕಡೆಯ ನೀರೂ ಅವರ ಇನ್‌ಚಾರ್ಜಿನಲ್ಲಿತ್ತು. ಆ ಕಡೆ ಬೋರ್ ನೀರು, ಗಡಸು. ಕಾಸು ಹಾಕಿದರೆ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳನ್ನು ಹಳ್ಳಿಹಳ್ಳಿಗೆ ಇಟ್ಟಿದ್ದಾರೆ. ಒಡೆಯರಪಾಳ್ಯದ ದಾರಿಯ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬಳು ಘಟಕದ ನೀರು ಹಿಡಿದು ತಂದು, ಬಿಂದಿಗೆಗೆ ಹಾಕಿ, ಅದಕ್ಕೆ ಒಂದು ಚೊಂಬು ಬೋರ್ ನೀರು ಬೆರೆಸಿದಳು. ಮೇಡಂ ಆಟೋದಿಂದ ನೆಗೆದರು.

"ಅಜ್ಜಿ, ಅಷ್ಟು ಕಷ್ಟಪಟ್ಟು ಸೋಸಿರೋದ್ನ ಮತ್ತೆ ಕೆಡುಸ್ತೀಯಲ್ಲ."

"ಕೆಡುಸ್ತಾ ಇಲ್ಲ ಕಣವ್ವ, ರುಚಿ ಮಾಡ್ತಾ ಇವ್ನಿ. ಆ ಮಿಷಿನ್ ನೀರು ಬರೀ ಸಪ್ಪೆ. ನೀನೇ ಕುಡ್ದು ಏಳು."

ಮೇಡಂ ಕುಡಿದರು. ಸಪ್ಪೆಯೇ ಇತ್ತು. ಕೊಳ್ಳೇಗಾಲ ಮುಟ್ಟುವವರೆಗೆ ಒಂದೇ ಸಮನೆ ಗೊಣಗುತ್ತಿದ್ದರು: "ಸಪ್ಪೆ ಅಂತಾಳೆ. ಅಲ್ಲ, ಸಪ್ಪೆ ಅಂದ್ರೆ ನಾನೇನ್ ಮಾಡ್ಲಿ. ಒಗ್ಗರಣೆ ಆಕ್ಲಾ?" ಘಟಕದ ನೀರನ್ನೇ ಕುಡಿಯಿರಿ ಎಂದು ಹಿಂದಿನ ವಾರ ಅವರು ಮಾಡಿದ್ದ ಭಾಷಣವನ್ನು ನಾನು ಅವರದೇ ದನಿಯಲ್ಲಿ ಒಪ್ಪಿಸಿದೆ. ಬೆನ್ನಿಗೆ ಔಷಧಿ ಬಾಟಲಿಯಿಂದ ಒಂದು ಪೆಟ್ಟು ಬಿತ್ತು.

ಫಿಲ್ಟರ್ ಹೌಸನ್ನು ನನಗೆ ಸುತ್ತಿ ತೋರಿಸಿದ್ದೂ ಅವರೇ, ಅದೂ ಓಡಿಸಿಕೊಂಡು. ಹೊಳೆಯ ನೀರು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಧುಮುಕುತ್ತದೆ. "ಇಲ್ಲಿ ಗಾಳಿ ಕುಡಿತದೆ, ವಾಸ್ನೆ ಓಯ್ತದೆ. ನಡಿ." ಆಮೇಲೆ ಪಟಿಕದ ದ್ರಾವಣ ಬೆರೆಸುತ್ತಾರೆ. "ಪಟಿಕ ಬಿದ್ರೆ ಕಣ್ಣಿಗೆ ಕಾಣದ ಕೊಳೆಯೆಲ್ಲ ಒಂದಕ್ಕೊಂದು ಅಂಟ್ಕಂಡು ಉಂಡೆಯಾಗಿ ತಳಕ್ಕೆ ಕೂತ್ಕತದೆ. ನೀನೂ ನಿನ್ ಸ್ನೇಹಿತ್ರೂ ಟೀ ಅಂಗ್ಡೀಲಿ ಕೂರಲ್ವಾ, ಅಂಗೆ. ನಡಿ." ಆಮೇಲೆ ದೊಡ್ಡ ತೊಟ್ಟಿಗಳಲ್ಲಿ ಮರಳು. ತಿಳಿಯಾದ ನೀರು ಮರಳಿನೊಳಗೆ ಇಳಿದು ಇನ್ನೂ ತಿಳಿಯಾಗುತ್ತದೆ. ಮರಳಿಗೆ ಕೊಳೆ ಕಟ್ಟಿದಾಗ ಕೆಳಗಿನಿಂದ ನೀರು ಮೇಲಕ್ಕೆ ನೂಕಿ ಮರಳನ್ನೇ ತೊಳೆಯುತ್ತಾರೆ. ಅಷ್ಟು ಹೊತ್ತಿಗೆ ನೀರು ಕನ್ನಡಿಯ ಹಾಗಿತ್ತು. ನಾನು ಬೊಗಸೆ ಒಡ್ಡಿದೆ. ಕೈ ಮೇಲೆ ಪಟ್ ಎಂದು ಹೊಡೆದರು.

"ತಿಳಿ ಇದ್ರೆ ಆಯ್ತಾ? ರೋಗ ಕಣ್ಣಿಗೆ ಕಾಣ್ತದಾ? ಗ್ಯಾಸ್ ಬೆರ್ತ ಮೇಲೆ ಬಾಯ್ಗೆ. ಅಲ್ಲಿಗಂಟ ಇದು ಬರೀ ಒಳೆ ನೀರು."

ಈಗ ಬಣ್ಣದಣ್ಣನ ವಿಷಯ. ಬಣ್ಣದಣ್ಣ ಎಂದರೆ ಮೇಡಂ ಒಡಹುಟ್ಟಿದ ಅಣ್ಣ, ನಮ್ಮ ಪಕ್ಕದ ಮನೆಯವನು, ಈಗಲೂ ನೇಯುವವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುತ್ತಾನೆ. ಅವನ ಬಾವಿ ನೀರು ಗಡಸಾದ ಮೇಲೆ ನಲ್ಲಿ ನೀರೇ ಗತಿಯಾಯಿತು. ಅಲ್ಲಿಂದ ಶುರುವಾಯಿತು ಜಗಳ. "ನನ್ ತಂಗಿ ನೀರ್ಗೆ ಸುರಿಯೋ ಗ್ಯಾಸು ನನ್ ಬಣ್ಣ ತಿಂತದೆ. ತಿಳಿ ಬಣ್ಣ ಅಂತೂ ಬೂದಿ ಥರ ಆಯ್ತದೆ" ಎಂದು ಅವನು. "ಬಣ್ಣ ಕೆಡೋದು ಅವನ ಅವಸರದಿಂದ, ನನ್ ಗ್ಯಾಸಿಂದಲ್ಲ" ಎಂದು ಇವರು. ಯಾರು ಸರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾತು ನಿಂತು ವರ್ಷಗಳಾಗಿದ್ದವು. ಅಣ್ಣನ ಬೈಗುಳವನ್ನು ಅಣ್ಣನ ದನಿಯಲ್ಲಿ ತಂಗಿಗೆ, ತಂಗಿಯದನ್ನು ತಂಗಿಯ ದನಿಯಲ್ಲಿ ಅಣ್ಣನಿಗೆ ಮುಟ್ಟಿಸುತ್ತಿದ್ದ ಅಂಚೆಯವನು ನಾನು. ಇಬ್ಬರೂ ನಗುತ್ತಿದ್ದರು. ನಾನು ಅದನ್ನು ಸಂಧಾನ ಎಂದುಕೊಂಡಿದ್ದೆ.

ಆ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಿದ್ದರು. ಹೊಳೆ ಕಾಫಿಪುಡಿ ಕದಡಿದ ಹಾಗಿತ್ತು. ಟೀ ಅಂಗಡಿಯಲ್ಲಿ ಬಣ್ಣದಣ್ಣ ನನ್ನ ಮುಂದೆ ಬೋಂಡದ ತಟ್ಟೆ ತಳ್ಳಿದ.

"ಲೇ, ನಾಳೆ ಒಂದಿನ ಮಾತ್ರ. ಮದ್ವೆ ಸೀರೆ ನೂಲು, ತಿಳಿ ಈರುಳ್ಳಿ ಬಣ್ಣ. ಅವಳ ಗಂಟ್ಲಲ್ಲಿ ಒಂದ್ ಫೋನ್ ಆಕು, ಗ್ಯಾಸ್ ಇಳ್ಸು ಅಂತ."

"ಬ್ಯಾಡ ಕಣಣ್ಣ. ಆಪರೇಟ್ರು ಕಂಡುಹಿಡಿತಾನೆ."

"ಅಂದ್ರೆ ಅಷ್ಟು ಚೆನ್ನಾಗಿ ಬರಲ್ಲ ನಿಂಗೆ, ಅನ್ನು."

ಅಷ್ಟೇ. ಬೇರೆಯವರನ್ನು ಅಣಕಿಸಿ ಬದುಕುವವನಿಗೆ 'ಚೆನ್ನಾಗಿ ಬರಲ್ಲ' ಎಂದರೆ ಏನಾಗುತ್ತದೆ ಎಂದು ಬಣ್ಣದಣ್ಣನಿಗೆ ಗೊತ್ತಿತ್ತು. ಫಿಲ್ಟರ್ ಹೌಸಿನಲ್ಲಿದ್ದದ್ದು ಹಳೆಯ ಲ್ಯಾಂಡ್‌ಲೈನು, ಯಾರ ನಂಬರೆಂದು ತೋರಿಸುತ್ತಿರಲಿಲ್ಲ. ಚಿಕ್ಕ ಕೆಮ್ಮು ಕೆಮ್ಮಿದೆ. "ಗ್ಯಾಸ್ ಸ್ವಲ್ಪ ಇಳ್ಸು. ನಾಳೆ ನಾನು ತಿರ್ಗ ಏಳೋಗಂಟ" ಎಂದು ಹೇಳಿ, ಮೇಡಂ ಹಾಗೆಯೇ ತಟ್ಟನೆ ಇಟ್ಟೆ. ಆಪರೇಟರು "ಆಯ್ತು ಮೇಡಂ" ಎಂದದ್ದು ಅರ್ಧ ಕೇಳಿಸಿತು. ಟೀ ಅಂಗಡಿಯವರು ಚಪ್ಪಾಳೆ ತಟ್ಟಿದರು. ಪಾಪ, ಆ ಆಪರೇಟರು ಮೇಡಂ ಮಾತಿಗೆ ಎರಡು ಪಾಲು ವಿಧೇಯ. ಸ್ವಲ್ಪ ಎಂದದ್ದಕ್ಕೆ ಹೆಚ್ಚುಕಮ್ಮಿ ಪೂರ್ತಿಯೇ ಇಳಿಸಿಬಿಟ್ಟಿದ್ದ. ಆ ನೀರೇ ನಮ್ಮ ಕಡೆಯ ಟ್ಯಾಂಕಿಗೆ ಏರಿತು.

ಮರುದಿನ ಬೆಳಿಗ್ಗೆ ನಮ್ಮ ಕಡೆಗೆ ನೀರು ಬಿಟ್ಟರು. ಮೇಡಂ ಕಟ್ಟಕಡೆಯ ಮನೆಯಲ್ಲಿ ತೊಟ್ಟು ಹಾಕಿದರು. ಹಳದಿ ಇಲ್ಲ. ಪಕ್ಕದ ಮನೆ, ಇಲ್ಲ. ಎದುರು ಮನೆ, ಇಲ್ಲ. ಆಪರೇಟರಿಗೆ ಫೋನ್ ಮಾಡಿದರೆ ಅವನು, "ನೀವೇ ಅಲ್ವಾ ಮೇಡಂ ನೆನ್ನೆ, ಗ್ಯಾಸ್ ಸ್ವಲ್ಪ ಇಳ್ಸು ಅಂದಿದ್ದು" ಎಂದನಂತೆ. ಅವರು ಬೈಯಲಿಲ್ಲವಂತೆ. ಗೇಟ್‌ವಾಲ್ವ್ ಮುಚ್ಚು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕು, ಅದೇ ನೀರು ತುಂಬಿಕೊಂಡು ಮುಳ್ಳೂರಿಗೆ ಹೋದ ಟ್ಯಾಂಕರನ್ನು ದಾರಿಯಲ್ಲೇ ನಿಲ್ಲಿಸು, ಇಷ್ಟು ಹೇಳಿ ನನಗೆ ಫೋನ್ ಮಾಡಿದರು.

"ಮೈಕು, ಆಟೋ ತಕಂಡ್ ಬಾ. ಈಗ್ಲೇ."

ಮಳೆ ಸುರಿಯುತ್ತಿತ್ತು. ಆಟೋದ ಎರಡೂ ಕಡೆ ರೆಕ್ಸಿನ್ ಪರದೆ ಇಳಿಬಿಟ್ಟು ಮೇಡಂ ಹಿಂದೆ ಕೂತರು. ನೀರಿಗೆ ಗ್ಯಾಸ್ ಬಿದ್ದಿಲ್ಲವೆಂದು ಹೇಳಿದರು. ಮೈಕು ಹಿಡಿದು ಕೂಗಿದೆ: "ಸಾರ್ವಜನಿಕರ ಗಮನಕ್ಕೆ. ಈ ಬೆಳಿಗ್ಗೆ ಹಿಡಿದ ನಲ್ಲಿ ನೀರನ್ನು ಯಾರೂ ಕುಡಿಯಬಾರದು. ಹಿಡಿದಿಟ್ಟ ನೀರನ್ನು ಚೆಲ್ಲಿ, ಇಲ್ಲವೇ ಚೆನ್ನಾಗಿ ಕುದಿಸಿ." ಜಗಲಿಯಲ್ಲಿ ಕೂತಿದ್ದವನೊಬ್ಬ, "ಶುರು ಅಚ್ಕಂಡ ನೋಡು ಬೆಳ್ ಬೆಳಿಗ್ಗೆ" ಎಂದ. "ಯಾರ್ ಥರ್ಲಾ ಇದು, ಕಂಡಕ್ಟರ್ ಥರಾನಾ?" ಎಂದ ಇನ್ನೊಬ್ಬ. ಎರಡು ಬೀದಿ ದಾಟಿದರೂ ಒಬ್ಬರೂ ಬಿಂದಿಗೆ ಮುಟ್ಟಲಿಲ್ಲ. ಹಿಂದಿನ ವಾರವಷ್ಟೇ ಪೇದೆಯ ದನಿಯಲ್ಲಿ, ಜಗಲಿಯ ಮೇಲೆ ಕೂತರೆ ದಂಡ ಎಂದು ಕೂಗಿ ಇವರನ್ನೆಲ್ಲ ಎಬ್ಬಿಸಿ ನಕ್ಕಿದ್ದೆ.

ಮೇಡಂ ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಕೆಮ್ಮಿದರು. "ನಾನು ಫಿಲ್ಟರ್ ಹೌಸಿಂದ ಮಾತಾಡ್ತಾ ಇರೋದು. ನೀರು ಕುಡೀಬೇಡಿ."

ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಪರದೆಯ ಹಿಂದೆ ಯಾರಿದ್ದಾರೆಂದು ಅವರಿಗೆ ಕಾಣುತ್ತಿರಲಿಲ್ಲ. "ಆ ಕೆಮ್ಮು ನೋಡು, ಥೇಟ್ ಅಂಗೇ" ಎಂದಳು ಬಾಗಿಲಲ್ಲಿ ನಿಂತ ಹೆಂಗಸು. "ಇನ್ನೊಂದ್ಸಲ ಮಾಡ್ಲಾ" ಎಂದು ಕೂಗಿ, ಕೈಯಲ್ಲಿದ್ದ ಚೊಂಬಿನ ನೀರನ್ನು ನಮ್ಮೆದುರೇ ಗಟಗಟ ಕುಡಿದಳು.

ಆ ಗಂಟಲನ್ನು ನಾನು ಬೀದಿಬೀದಿಯಲ್ಲಿ ಅಗ್ಗ ಮಾಡಿಟ್ಟಿದ್ದೆ. ಬೇಕಾದ ದಿನ ಅದು ಸ್ವತಃ ಒಡತಿಗೇ ಉಪಯೋಗಕ್ಕೆ ಬರಲಿಲ್ಲ.

ಮೇಡಂ ಮೈಕು ನನ್ನ ಮಡಿಲಿಗೆ ಎಸೆದು ಮಳೆಗೆ ಇಳಿದರು. ಒಂದೊಂದೇ ಬಾಗಿಲು ತಟ್ಟಿದರು. ಮುಖ ಕಂಡ ಮೇಲೆ ಜನ ನಗು ನಿಲ್ಲಿಸಿದರು. ಅವರು ವಿವರಿಸುತ್ತಾ ನಿಲ್ಲಲಿಲ್ಲ. ಬಿಂದಿಗೆ ಬಗ್ಗಿಸಿ, ಸ್ಟೀಲ್ ಫಿಲ್ಟರ್ ಬೋರಲು ಹಾಕಿ, ಸ್ಕೂಲ್ ಬ್ಯಾಗಿನ ಬಾಟಲಿ ಕೂಡ ಎಳೆದು ಚೆಲ್ಲಿ, ಮುಂದಿನ ಮನೆ. ನಾನು ಆಟೋ ಅಲ್ಲೇ ಬಿಟ್ಟು ಹಿಂದೆ ಓಡಿದೆ. ಎರಡು ಮನೆಗಳ ನಡುವೆ ಬಾಯಿ ಬಿಟ್ಟೆ.

"ಮೇಡಂ, ನೆನ್ನೆ ಆ ಫೋನು..."

"ಗೊತ್ತು. ನಾನು ಜಲ್ಮದಲ್ಲಿ 'ಸ್ವಲ್ಪ' ಅಂದವಳಲ್ಲ, ಅಳತೆ ಏಳೋಳು. ಆ ಬಾಗ್ಲು ತಟ್ಟು."

"ಏಳ್ಸಿದ್ದು ಯಾರು ಅಂದ್ರೆ..."

"ಅದೂ ಗೊತ್ತು. ಅಲ್ಲಿಗೆ ಕೊನೇಗೆ ಓಗಣ. ಮೊದ್ಲು ಮಕ್ಳಿರೋ ಮನೆ."

ಆಮೇಲಿನ ಒಂದು ವಾರ ನಾನು ಸರ್ಕಾರಿ ಆಸ್ಪತ್ರೆಯ ಮುಂದೆ ಸುಮ್ಮಸುಮ್ಮನೆ ಆಟೋ ನಿಧಾನ ಮಾಡುತ್ತಿದ್ದೆ. ಯಾರಾದರೂ ಹೊಟ್ಟೆ ಹಿಡಿದುಕೊಂಡು ಬಂದರೆ ಯಾವ ಬೀದಿಯವರೆಂದು ವಿಚಾರಿಸುತ್ತಿದ್ದೆ. ಅಂಥದ್ದೇನೂ ಆಗಲಿಲ್ಲ. ಆಪರೇಟರನ ಮೇಲೆ ಮೇಡಂ ಮೇಲಿನವರಿಗೆ ದೂರು ಬರೆಯಲಿಲ್ಲ. ಇನ್ನುಮುಂದೆ ಯಾರದೇ ಫೋನು ಬಂದರೂ, ತಿರುಗಿ ಅವರ ನಂಬರಿಗೆ ಮಾಡಿ ಕೇಳಿಕೊಂಡೇ ಗ್ಯಾಸ್ ಮುಟ್ಟಬೇಕೆಂದು ಹೇಳಿದರು. ಇವತ್ತಿಗೂ ಹಾಗೇ ನಡೆಯುತ್ತಿದೆ. ನನ್ನ ಮೇಲೂ ದೂರು ಕೊಡಲಿಲ್ಲ. ಮೈಕು ಎಂದು ಕರೆಯುವುದನ್ನು ಮಾತ್ರ ಸುಮಾರು ದಿನ ಬಿಟ್ಟುಬಿಟ್ಟಿದ್ದರು. ಹೆಸರು ಹಿಡಿದು ಕರೆಯುತ್ತಿದ್ದರು. ಅದಕ್ಕಿಂತ ಎರಡು ಕೊಟ್ಟಿದ್ದರೆ ಚೆನ್ನಾಗಿತ್ತು.

ಆದರೆ ಅವತ್ತಿನ ಕೊನೆಯ ಮನೆಯ ಕಥೆ ಬಾಕಿಯಿದೆ. ನಾವು ಬಣ್ಣದಣ್ಣನ ಮನೆಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಹಜಾರದಲ್ಲಿ ಬಿದಿರ ಗಳುವಿನ ಮೇಲೆ ರೇಷ್ಮೆ ಲಡಿಗಳು ಸಾಲಾಗಿ ಒಣಗುತ್ತಿದ್ದವು. ಸುಳ್ಳೇಕೆ, ಬಣ್ಣ ಬಹಳ ಚೆನ್ನಾಗಿ ಬಂದಿತ್ತು. ಈರುಳ್ಳಿಯ ಒಳಸಿಪ್ಪೆಯಷ್ಟು ತಿಳಿ. ಬಣ್ಣದಣ್ಣ ಲಡಿಗಳ ಮುಂದೆ ಕೈಕಟ್ಟಿ ನಿಂತಿದ್ದ, ಅರ್ಧ ಹೆಮ್ಮೆ, ಅರ್ಧ ಹೆದರಿಕೆ. ಮೇಡಂ ಅದರ ಕಡೆ ನೋಡಲಿಲ್ಲ. ತೊಟ್ಟಿಕ್ಕುವ ಸೀರೆಯಲ್ಲೇ ಒಳಗೆ ಹೋಗಿ ಕುಡಿಯುವ ನೀರಿನ ಹಂಡೆಯನ್ನು ಬಚ್ಚಲಿಗೆ ಬಗ್ಗಿಸಿ ಬಂದರು. ಅದನ್ನು ಕಂಡದ್ದೇ ಅಣ್ಣನಿಗೆ ರೇಗಿತು. ಎಷ್ಟೋ ವರ್ಷದ ಮೇಲೆ, ನಡುವೆ ನನ್ನನ್ನು ಇಟ್ಟುಕೊಳ್ಳದೆ, ನೇರವಾಗಿ ತಂಗಿಗೆ ಹೇಳಿದ ಮಾತು ಅದು.

"ಒಂದೊತ್ತು ಗ್ಯಾಸ್ ಕಮ್ಮಿ ಆದ್ರೆ ಊರೋರ್ ಅಂಡೇನೆಲ್ಲ ಬೋರ್ಲಾಕ್ತಾ ಇದ್ದೀಯಲ್ಲವ್ವ. ನಾವು ಚಿಕ್ಕೋರಿದ್ದಾಗ ಅವ್ವ ಕೆರೆ ನೀರು ತಂದು, ಸೆರಗಲ್ಲಿ ಸೋಸಿ ಕುಡುಸ್ತಿರ್ನಿಲ್ವಾ? ಆಗ ಯಾವ ಗ್ಯಾಸಿತ್ತು? ಯಾವ ಫಿಲ್ಟರಿತ್ತು? ನಮ್ಗೇನಾಯ್ತು?"

ನಾನು ಬಾಗಿಲಲ್ಲಿ ನಿಂತಿದ್ದೆ. ಮೇಡಂ ಒಂದು ಕಡೆ ಅಲುಗಾಡದೆ ನಿಂತದ್ದನ್ನು ನಾನು ಕಂಡದ್ದು ಆಗ ಮಾತ್ರ. ಕೆಮ್ಮಲೂ ಇಲ್ಲ.

"ನಿಂಗೂ ನಂಗೂ ಏನೂ ಆಗ್ನಿಲ್ಲ ಕಣಣ್ಣ. ಅವ್ವ ಹೆತ್ತಿದ್ದು ನಮ್ಮಿಬ್ರನ್ನ ಮಾತ್ರಾನಾ?"